ಮಾಲೀಕರ ಕೈಯ ಗ್ರೀಸು

ಬಲಿತ ಪರಂಗಿ ಕಾಯಿಗೆ ಮುಂಜಾನೆ ಬ್ಲೇಡಿನಿಂದ ಉದ್ದಕ್ಕೆ ನಾಲ್ಕು ಗೀರು ಎಳೆದರೆ ಹಾಲಿನಂಥ ಸೊನೆ ಒಸರುತ್ತದೆ. ಕಾಯಿ ಗಿಡದಲ್ಲೇ ಇರಬೇಕು, ಗೀರು ಸಿಪ್ಪೆ ದಾಟಿ ಒಳಗಿಳಿಯಬಾರದು. ತೊಟ್ಟಿಕ್ಕಿದ ಸೊನೆ ನೋಡನೋಡುತ್ತಲೇ ಮೊಸರಿನಂತೆ ಗಟ್ಟಿಯಾಗುತ್ತದೆ. ಅದನ್ನು ಕೆರೆದು ಒಣಗಿಸಿ ಪುಡಿ ಮಾಡಿದರೆ ಅದರೊಳಗಿರುವುದು ಪಪೇನ್ ಎಂಬ ಕಿಣ್ವ. ಮಾಂಸದಡುಗೆ ಮಾಡುವ ಮನೆಗಳಲ್ಲಿ ಇದರ ಗುಣ ಯಾರಿಗೂ ಹೊಸತಲ್ಲ. ಬಲಿತ ಕುರಿಯ ಮಾಂಸ ಬೇಯದೆ ಸತಾಯಿಸಿದರೆ ಪಾತ್ರೆಗೆ ಒಂದು ಚೂರು ಪರಂಗಿ ಕಾಯಿ ಬೀಳುತ್ತದೆ. ಪಪೇನ್ ಪ್ರೋಟೀನಿನ ಸರಪಳಿಯನ್ನು ಕತ್ತರಿಸಿ ಹಾಕುತ್ತದೆ, ಅಷ್ಟೇ.

ಬಿಯರ್ ತಯಾರಿಸುವವರಿಗೂ ಈ ಕತ್ತರಿ ಬೇಕು. ಬಿಯರನ್ನು ತಣ್ಣಗೆ ಮಾಡಿದಾಗ ಬಾರ್ಲಿಯಿಂದ ಬಂದ ಪ್ರೋಟೀನುಗಳು ಒಗರಿನ ಅಂಶಗಳ ಜೊತೆ ಸೇರಿ ಮಬ್ಬು ಕಟ್ಟುತ್ತವೆ. ಕುಡಿಯಲು ಅದರಿಂದ ತೊಂದರೆಯಿಲ್ಲ, ಆದರೆ ಗಾಜಿನ ಲೋಟದಲ್ಲಿ ಕದಡಿದ ನೀರಿನ ಹಾಗೆ ಕಾಣುವ ಬಿಯರಿಗೆ ಯಾರು ದುಡ್ಡು ಕೊಡುತ್ತಾರೆ? ಸ್ವಲ್ಪ ಪಪೇನ್ ಬೆರೆಸಿದರೆ ಮಬ್ಬು ಕಟ್ಟುವುದಿಲ್ಲ. ತೇಲಾಡುವ ಯೀಸ್ಟನ್ನು ತಳಕ್ಕೆ ಕೂರಿಸಲು ಇನ್ನೊಂದು ವಸ್ತುವಿದೆ, ಐಸಿಂಗ್‌ಗ್ಲಾಸ್. ಅದು ಮೀನಿನ ಗಾಳಿಚೀಲದಿಂದ ತೆಗೆದದ್ದು.

1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜೊಂದರಲ್ಲಿ 10,000 ರೂಪಾಯಿ ಬಂಡವಾಳದ ಕಂಪನಿಯೊಂದು ಈ ಎರಡು ಪದಾರ್ಥಗಳನ್ನು ತಯಾರಿಸಲು ಹೊರಟಿತು. ಅದರ ಹೆಸರು ಬಯೋಕಾನ್. ಸ್ಥಾಪಕಿ ಕಿರಣ್ ಮಜುಂದಾರ್‌ಗೆ ಆಗ 25 ವರ್ಷ. ಅವರ ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್ ಆಗಿದ್ದವರು. ಕಿರಣ್ ಸಹ ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಅದೇ ವಿದ್ಯೆ ಕಲಿತು 1975ರಲ್ಲಿ ಬ್ರೂಮಾಸ್ಟರ್ ಆಗಿ ಬಂದಿದ್ದರು. ಆದರೆ ಹೆಂಗಸಿಗೆ ಬ್ರೂವರಿಯ ಉಸ್ತುವಾರಿ ವಹಿಸಲು ಇಲ್ಲಿ ಯಾರೂ ತಯಾರಿರಲಿಲ್ಲ. ಐರ್ಲೆಂಡಿನ ಕಿಣ್ವ ಕಂಪನಿಯೊಂದರ ಜೊತೆ ಪಾಲುದಾರಿಕೆಯಲ್ಲಿ ಅವರು ಬೇರೆ ಬಾಗಿಲು ತೆರೆದರು. ಒಂದೇ ವರ್ಷದೊಳಗೆ ಸರಕು ಅಮೆರಿಕ, ಯುರೋಪಿಗೆ ಹೊರಟಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಇದ್ದದ್ದು ನಿಜ. ಆದರೆ ಈ ಅಧ್ಯಾಯಕ್ಕೆ ಬೇಕಾದದ್ದು ಅದರ ಪಕ್ಕದಲ್ಲೇ ಇರುವ, ಅಷ್ಟು ಹೊಳಪಿಲ್ಲದ ಇನ್ನೊಂದು ಸಂಗತಿ. ಪಪೇನ್ ಮಾರುತ್ತಿದ್ದಾಕೆಗೆ ಪಪೇನ್ ಕೊಳ್ಳುವವರ ತಲೆನೋವು ಒಳಗಿನಿಂದ ಗೊತ್ತಿತ್ತು. ಬ್ರೂವರಿಯ ಟ್ಯಾಂಕಿನ ಮುಂದೆ ನಿಂತು ಮಬ್ಬು ನೋಡಿದ ಕಣ್ಣೇ ಗ್ಯಾರೇಜಿನಲ್ಲಿ ಸೊನೆಯ ಗುಣಮಟ್ಟವನ್ನೂ ನೋಡುತ್ತಿತ್ತು. ಗಿರಾಕಿ ಏನು ಕೇಳುತ್ತಿದ್ದಾನೆ ಎಂದು ತಿಳಿಯಲು ಮಾರಾಟದವರು ಮ್ಯಾನೇಜರಿಗೆ ಹೇಳಿ, ಮ್ಯಾನೇಜರು ಲ್ಯಾಬಿಗೆ ಚೀಟಿ ಕಳಿಸಿ, ಲ್ಯಾಬಿನವರು ದುಡ್ಡಿಗಾಗಿ ಮಾಲೀಕರ ಬಾಗಿಲು ತಟ್ಟುವ ಮೆರವಣಿಗೆಯೇ ಅಲ್ಲಿರಲಿಲ್ಲ. ಮೂರೂ ಕೆಲಸ ಒಂದೇ ತಲೆಯಲ್ಲಿ ನಡೆಯುತ್ತಿತ್ತು.

ಎಂಐಟಿಯ ಎರಿಕ್ ವಾನ್ ಹಿಪ್ಪೆಲ್ 1994ರಲ್ಲಿ ಇಂಥ ತಿಳಿವಳಿಕೆಗೆ 'ಅಂಟಂಟು ಮಾಹಿತಿ' ಎಂಬರ್ಥದ ಹೆಸರಿಟ್ಟರು. ಕೆಲವು ತಿಳಿವಳಿಕೆಯನ್ನು ಕಾಗದದಲ್ಲಿ ಬರೆದು ಕಳಿಸಬಹುದು. ಇನ್ನು ಕೆಲವು ಹಲಸಿನ ಮೇಣವಿದ್ದಂತೆ, ಎಲ್ಲಿ ಹುಟ್ಟಿತೋ ಅಲ್ಲೇ ಅಂಟಿಕೊಂಡಿರುತ್ತವೆ. ಬಿಡಿಸಿ ಇನ್ನೊಬ್ಬರ ಕೈಗೆ ದಾಟಿಸಲು ಹೋದರೆ ಸಮಯವೂ ಹಣವೂ ಕರಗುತ್ತವೆ. ದೊಡ್ಡ ಕಂಪನಿ ಆ ಖರ್ಚನ್ನು ತಾಳಿಕೊಳ್ಳುತ್ತದೆ. ಐದಾರು ಜನರ ಕಂಪನಿಗೆ ಅದು ಆಗದ ಮಾತು. ಮೇಣ ಮೆತ್ತಿದ ಕೈಯೇ ಮಾಲೀಕರದ್ದಾಗಿದ್ದರೆ ಈ ದಾಟಿಸುವ ಖರ್ಚು ಉಳಿಯುತ್ತದೆ.

ಇಷ್ಟು ಕೇಳಿದರೆ ತೀರ್ಪು ಸುಲಭ ಅನ್ನಿಸುತ್ತದೆ: ಸ್ಥಾಪಕರು ಸಂಶೋಧನೆಯಲ್ಲಿ ಕೈಹಾಕಿದರೆ ಸಣ್ಣ ಕಂಪನಿ ಗೆಲ್ಲುತ್ತದೆ. ಆದರೆ ಗೆದ್ದವರ ಕಥೆ ಮಾತ್ರ ನಮಗೆ ಗೊತ್ತಿರುತ್ತದೆ. ಅದೇ 1978ರಲ್ಲಿ ಬೇರೆ ಗ್ಯಾರೇಜುಗಳಲ್ಲಿ ಕೈಗೆ ಮಸಿ ಮಾಡಿಕೊಂಡು ಮುಳುಗಿದವರ ಬಗ್ಗೆ ಪುಸ್ತಕ ಬರೆಯುವವರಿಲ್ಲ. ವಿಜ್ಞಾನದ ಕೆಲಸ ಇಲ್ಲಿಂದ ಶುರು.

ಮೊದಲ ತೊಡಕು ಲೆಕ್ಕದ್ದು. ಪೀಣ್ಯದ ಯಾವುದಾದರೂ ಅಡ್ಡರಸ್ತೆಗೆ ಸಂಜೆ ಶಿಫ್ಟ್ ಮುಗಿದ ಮೇಲೆ ಹೋಗಿ ನೋಡಿ. ಅರ್ಧ ಎಳೆದ ಶಟರಿನ ಕೆಳಗಿನಿಂದ ಟ್ಯೂಬ್‌ಲೈಟಿನ ಬೆಳಕು ಬೀಳುತ್ತಿರುವ ಒಂದಾದರೂ ಶೆಡ್ಡು ಸಿಗುತ್ತದೆ. ಒಳಗೆ ಮಾಲೀಕರು ಹಳೆಯ ಅಂಗಿ ತೊಟ್ಟು ಲೇತಿನ ಮುಂದೆ ನಿಂತಿರುತ್ತಾರೆ. ಬೆಳಗ್ಗೆ ಗಿರಾಕಿ ರಿಜೆಕ್ಟ್ ಮಾಡಿ ಕಳಿಸಿದ ಜಾಬ್ ಕೈಯಲ್ಲಿದೆ. ಮೈಕ್ರೋಮೀಟರ್ ಹಿಡಿದು ಅಳೆಯುತ್ತಾರೆ, ಫಿಕ್ಸ್ಚರನ್ನು ಒಂದು ಕೂದಲೆಳೆ ಸರಿಸುತ್ತಾರೆ, ಟೂಲಿನ ಕೋನ ಬದಲಿಸುತ್ತಾರೆ, ಮತ್ತೆ ಒಂದು ಕಟ್ ಹೊಡೆಯುತ್ತಾರೆ. ನಾಲ್ಕನೇ ಪೀಸು ಸ್ಕ್ರ್ಯಾಪ್ ಡಬ್ಬಿಗೆ ಬೀಳುತ್ತದೆ. ಐದನೆಯದು ಅಳತೆಗೆ ಬರುತ್ತದೆ. ಮಾರನೆಯ ದಿನ ಆಪರೇಟರಿಗೆ 'ಹೀಗೆ ಹಿಡಿ' ಎಂದು ತೋರಿಸಿದರೆ ಸಂಶೋಧನೆಯೂ ಅಭಿವೃದ್ಧಿಯೂ ತಂತ್ರಜ್ಞಾನ ವರ್ಗಾವಣೆಯೂ ಒಟ್ಟಿಗೆ ಮುಗಿದಂತೆ. ವರ್ಷದ ಕೊನೆಗೆ ಆಡಿಟರ್ ತಯಾರಿಸುವ ಲೆಕ್ಕಪತ್ರದಲ್ಲಿ ಆ ರಾತ್ರಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಾಲೀಕರು ತಮಗೆ ತಾವೇ ಓವರ್‌ಟೈಮ್ ಕೊಟ್ಟುಕೊಳ್ಳುವ ಪದ್ಧತಿ ಇಲ್ಲವಲ್ಲ.

ಯಾವುದನ್ನು ಸಂಶೋಧನೆ ಎನ್ನಬೇಕು ಎಂಬುದಕ್ಕೆ ಜಗತ್ತಿನ ಸರ್ಕಾರಗಳೆಲ್ಲ ಅನುಸರಿಸುವ ಕೈಪಿಡಿಯೊಂದಿದೆ. 1963ರಲ್ಲಿ ರೋಮ್ ಹತ್ತಿರದ ಫ್ರಸ್ಕಾತಿ ಎಂಬ ಊರಲ್ಲಿ ತಜ್ಞರು ಕೂತು ಒಪ್ಪಿದ್ದರಿಂದ ಅದಕ್ಕೆ ಫ್ರಸ್ಕಾತಿ ಕೈಪಿಡಿ ಎಂದೇ ಹೆಸರು. ಕೆಲಸದಲ್ಲಿ ಹೊಸತನ ಇರಬೇಕು, ಫಲಿತಾಂಶ ಮೊದಲೇ ಗೊತ್ತಿರಬಾರದು, ಯೋಜನೆ ಮತ್ತು ಬಜೆಟ್ಟಿನೊಂದಿಗೆ ವ್ಯವಸ್ಥಿತವಾಗಿ ನಡೆಯಬೇಕು ಎಂಬಂಥ ಷರತ್ತುಗಳು ಅದರಲ್ಲಿವೆ. ಪೀಣ್ಯದ ಆ ರಾತ್ರಿ ಮೊದಲ ಎರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಫೇಲಾಗುತ್ತದೆ. 1987ರಲ್ಲಿ ಆಲ್ಫ್ರೆಡ್ ಕ್ಲೈನ್‌ಕ್ನೆಕ್ಟ್ ಎಂಬ ಅರ್ಥಶಾಸ್ತ್ರಜ್ಞ ನೆದರ್ಲೆಂಡ್ಸ್‌ನ ಸಣ್ಣ ಕಂಪನಿಗಳನ್ನು ನೇರವಾಗಿ ವಿಚಾರಿಸಿ ನೋಡಿದಾಗ, ಸರ್ಕಾರಿ ಅಂಕಿಅಂಶಗಳು ಅವುಗಳ ಸಂಶೋಧನೆಯಲ್ಲಿ ಬಹುಪಾಲನ್ನು ಕಾಣದೇ ಬಿಟ್ಟಿದ್ದವು. ಭಾರತ ಸಂಶೋಧನೆಗೆ ಮಾಡುವ ಖರ್ಚು ಜಿಡಿಪಿಯ ಶೇ. 0.64 ಎಂಬ ಅಂಕಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. ಶಟರಿನ ಕೆಳಗಿನ ಟ್ಯೂಬ್‌ಲೈಟುಗಳನ್ನು ಯಾವ ಸಮೀಕ್ಷೆಯೂ ಎಣಿಸಿಲ್ಲ ಎಂಬುದರಲ್ಲೂ ಅನುಮಾನವಿಲ್ಲ.

ಎರಡನೆಯ ತೊಡಕು ಇನ್ನೂ ಕಠಿಣ. ಸ್ಥಾಪಕರು ಲ್ಯಾಬಿನಲ್ಲಿರುವ ಕಂಪನಿಗಳು ಚೆನ್ನಾಗಿ ನಡೆಯುತ್ತಿವೆ ಅಂತಲೇ ಇಟ್ಟುಕೊಳ್ಳೋಣ. ಅವರು ಲ್ಯಾಬಿನಲ್ಲಿರುವುದರಿಂದ ಚೆನ್ನಾಗಿವೆಯೋ, ಕಂಪನಿ ಚೆನ್ನಾಗಿ ನಡೆಯುತ್ತಿರುವುದರಿಂದ ಅವರಿಗೆ ಲ್ಯಾಬಿನಲ್ಲಿ ಕಾಲ ಕಳೆಯಲು ಪುರುಸೊತ್ತು ಸಿಕ್ಕಿದೆಯೋ? ಔಷಧದ ಪರೀಕ್ಷೆಯಲ್ಲಾದರೆ ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ಸಕ್ಕರೆ ಗುಳಿಗೆ ಕೊಟ್ಟು ನೋಡಬಹುದು. ನೂರು ಕಂಪನಿಗಳಿಂದ ಸ್ಥಾಪಕರನ್ನು ಚೀಟಿ ಎತ್ತಿ ಹೊರಗೆ ಕಳಿಸಲು ಯಾರು ಒಪ್ಪುತ್ತಾರೆ?

ಆ ಪ್ರಯೋಗವನ್ನು ಸಾವು ಮಾಡಿ ತೋರಿಸುತ್ತದೆ. ಕೇಳಲು ಕ್ರೂರ, ಆದರೆ ಸಾಶಾ ಬೆಕರ್ ಮತ್ತು ಹಾನ್ಸ್ ವಿಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹಿಡಿದ ದಾರಿ ಅದೇ. ನಾರ್ವೆಯಲ್ಲಿ ಕಂಪನಿಗಳ ದಾಖಲೆಯೂ ಜನರ ದಾಖಲೆಯೂ ಅಚ್ಚುಕಟ್ಟು. ಕಂಪನಿ ಇನ್ನೂ ಎಳೆಯದಾಗಿರುವಾಗಲೇ ತೀರಿಕೊಂಡ 500ಕ್ಕೂ ಹೆಚ್ಚು ಸ್ಥಾಪಕರನ್ನು ಅವರು ಗುರುತಿಸಿ, ಪ್ರತಿಯೊಂದು ಕಂಪನಿಯನ್ನೂ ಎಲ್ಲ ವಿಧದಲ್ಲಿ ಅದನ್ನೇ ಹೋಲುವ, ಸ್ಥಾಪಕರು ಬದುಕಿರುವ ಕಂಪನಿಯ ಪಕ್ಕದಲ್ಲಿಟ್ಟರು. ಸ್ಥಾಪಕರನ್ನು ಕಳೆದುಕೊಂಡ ಕಂಪನಿಗಳ ಮಾರಾಟ ಸರಾಸರಿ ಶೇ. 60ರಷ್ಟು ಕುಸಿದಿತ್ತು. ಉದ್ಯೋಗ ಶೇ. 17ರಷ್ಟು ಇಳಿದಿತ್ತು. ಒಂದೆರಡು ವರ್ಷ ಕಳೆದರೆ ಸುಧಾರಿಸಿಕೊಳ್ಳುತ್ತವೆ ಎಂದುಕೊಂಡರೆ ಅದೂ ಆಗಲಿಲ್ಲ. ಹೆಚ್ಚು ಓದಿದ ಸ್ಥಾಪಕರು ತೀರಿಕೊಂಡಲ್ಲಿ ಪೆಟ್ಟು ಇನ್ನೂ ಜೋರಾಗಿತ್ತು.

ಈ ಅಧ್ಯಯನಕ್ಕೊಂದು ಮಿತಿಯಿದೆ. ಸಾವು ಸ್ಥಾಪಕರನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ. ಬ್ಯಾಂಕಿನವರ ಜೊತೆಗಿನ ಪರಿಚಯ, ಗಿರಾಕಿಗಳ ನಂಬಿಕೆ, ಲೇತಿನ ಮುಂದಿನ ಕೈಚಳಕ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಶೇ. 60ರಲ್ಲಿ ಸಂಶೋಧನೆಯ ಪಾಲೆಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಆ ಎಳೆ ಬೇರೆ ಕಡೆ ಸಿಗುತ್ತದೆ. ಎಮ್ದಾದ್ ಇಸ್ಲಾಂ ಮತ್ತು ಜೇಸನ್ ಝೈನ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಹೈಟೆಕ್ ಕಂಪನಿಗಳನ್ನು ನೋಡಿತು. ಇವು ಷೇರು ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಗಳು, ಆದರೂ ಅಲ್ಲಿ ಕಂಡದ್ದು ಕುತೂಹಲದ್ದು. ನಾಲ್ಕರಲ್ಲೊಂದು ಕಂಪನಿಯ ಮುಖ್ಯಸ್ಥರು ಸ್ವತಃ ಪೇಟೆಂಟ್ ಪಡೆದ ಆವಿಷ್ಕಾರಕರಾಗಿದ್ದರು. ಅಂಥವರ ಕಂಪನಿಗಳಿಂದ ಹೊರಬಂದ ಪೇಟೆಂಟುಗಳ ತೂಕ ಹೆಚ್ಚು. ಎಲ್ಲ ವಿಷಯದಲ್ಲೂ ಹಾಗಿರಲಿಲ್ಲ ಎಂಬುದು ಇದರ ತಿರುಳು. ಮುಖ್ಯಸ್ಥರು ಯಾವ ತಂತ್ರಜ್ಞಾನದಲ್ಲಿ ತಾವೇ ಕೈಯಾಡಿಸಿದ್ದರೋ ಆ ಕ್ಷೇತ್ರದಲ್ಲಿ ಲಾಭ ಎದ್ದು ಕಾಣುತ್ತಿತ್ತು. ಅಲ್ಲಿ ಯಾವ ಯೋಜನೆಗೆ ದುಡ್ಡು ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂದು ಆರಿಸುವ ಕಣ್ಣು ಅವರಿಗಿತ್ತು.

ಇದನ್ನು ತಿರುಗಿಸಿ ಓದಿದರೆ ಎಚ್ಚರಿಕೆಯೂ ಕಾಣುತ್ತದೆ. ತನ್ನ ಹೊಲದ ಮಣ್ಣು ಬಲ್ಲ ರೈತನಿಗೆ ಪಕ್ಕದೂರಿನ ಮಣ್ಣಿನ ಬಗ್ಗೆಯೂ ಅಷ್ಟೇ ಗತ್ತಿನಿಂದ ಮಾತಾಡುವ ಹುಮ್ಮಸ್ಸು ಬಂದರೆ ಏನಾಗುತ್ತದೆ? ಇದಕ್ಕೆ ಜಪಾನಿನ ಹಮಾಮಾತ್ಸು ಊರಿನ ಮೆಕ್ಯಾನಿಕ್ ಒಬ್ಬರ ಬದುಕನ್ನು ಸಾವಧಾನವಾಗಿ ನೋಡಬೇಕು.

ಸೊಯಿಚಿರೊ ಹೊಂಡಾ ಕಾರು ರಿಪೇರಿ ಮಾಡಿಕೊಂಡು ಚೆನ್ನಾಗಿಯೇ ಸಂಪಾದಿಸುತ್ತಿದ್ದರು. 30 ದಾಟಿದ ಮೇಲೆ ಪಿಸ್ಟನ್ ರಿಂಗ್ ತಯಾರಿಸುವ ಹುಚ್ಚು ಹತ್ತಿತು. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೆ ತೊಡಿಸುವ ಬೀಡುಕಬ್ಬಿಣದ ಉಂಗುರ ಅದು. ಸ್ಪ್ರಿಂಗಿನಂತೆ ಬಾಗಬೇಕು, ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರಬೇಕು, ಬಿಸಿಗೆ ಸೋಲಬಾರದು. ಹೊಂಡಾ ಎರಕ ಹೊಯ್ದ ಉಂಗುರಗಳು ಒಂದೋ ಮುರಿಯುತ್ತಿದ್ದವು, ಇಲ್ಲವೇ ಕಲ್ಲಿನಂತೆ ಇದ್ದುಬಿಡುತ್ತಿದ್ದವು. ಉಳಿತಾಯವೆಲ್ಲ ಕುಲುಮೆಗೆ ಹೋಯಿತು. ಕೊನೆಗೆ ಊರಿನ ತಾಂತ್ರಿಕ ಶಾಲೆಯ ಪ್ರಾಧ್ಯಾಪಕರ ಬಳಿ ಒಂದು ತುಂಡು ಒಯ್ದಾಗ ಅವರು ಪರೀಕ್ಷಿಸಿ ಹೇಳಿದ್ದು ಒಂದೇ ಮಾತು: ಇದರಲ್ಲಿ ಸಿಲಿಕಾನ್ ಸಾಲದು.

ಲೋಹಶಾಸ್ತ್ರ ಓದಿದವರಿಗೆ ಇದು ಬಾಲಪಾಠ. ಬೀಡುಕಬ್ಬಿಣ ಆರುವಾಗ ಅದರಲ್ಲಿರುವ ಇಂಗಾಲ ಗ್ರಾಫೈಟಿನ ಪದರಗಳಾಗಿ ಬೇರ್ಪಡಬೇಕಾದರೆ ಸಿಲಿಕಾನ್ ನೆರವು ಬೇಕು. ಇಲ್ಲದಿದ್ದರೆ ಇಂಗಾಲ ಕಬ್ಬಿಣದ ಜೊತೆಗೇ ಗಂಟು ಬಿದ್ದು ಲೋಹ ಗಡಸಾಗುತ್ತದೆ, ತಟ್ಟಿದರೆ ಒಡೆಯುತ್ತದೆ. ಹೊಂಡಾಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ತಿಳಿದ ಕೂಡಲೇ ಆ ಮಾಲೀಕರು ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪಾಠ ಕೇಳಲು ಅದೇ ಶಾಲೆಗೆ ಸೇರಿದರು. ಪರೀಕ್ಷೆಗೆ ಕೂರಲಿಲ್ಲ, ಪ್ರಮಾಣಪತ್ರವೂ ಸಿಗಲಿಲ್ಲ. ಟೊಯೋಟಾಗೆ ಪರಿಶೀಲನೆಗೆ ಕಳಿಸಿದ 50 ಉಂಗುರಗಳಲ್ಲಿ ಪಾಸಾದದ್ದು ಮೂರೇ ಮೂರು. ತಯಾರಿಕೆ ಹಿಡಿತಕ್ಕೆ ಬರಲು ಇನ್ನೂ ಸುಮಾರು ಎರಡು ವರ್ಷ ಹಿಡಿಯಿತು.

ಕಂಪನಿಯೊಂದು ಹೊರಗಿನ ಜ್ಞಾನವನ್ನು ಗುರುತಿಸಿ, ಒಳಗೆಳೆದುಕೊಂಡು, ಬಳಸಿಕೊಳ್ಳಬೇಕಾದರೆ ಅದರೊಳಗೆ ಆಗಲೇ ಒಂದಿಷ್ಟು ಜ್ಞಾನ ಇರಬೇಕು ಎಂದು ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ 1990ರಲ್ಲಿ ವಾದಿಸಿದ್ದರು. ಹೆಪ್ಪಿಲ್ಲದೆ ಹಾಲು ಮೊಸರಾಗುವುದಿಲ್ಲ ಎನ್ನುವುದಕ್ಕೆ ಅದು ವಿದ್ವತ್ತಿನ ರೂಪ. ಸಾವಿರಾರು ಉಂಗುರಗಳನ್ನು ಕೆಡಿಸಿಕೊಂಡ ಕೈಗೆ ಮಾತ್ರ 'ಸಿಲಿಕಾನ್ ಸಾಲದು' ಎಂಬ ಎರಡು ಪದಗಳ ಬೆಲೆ ತಿಳಿಯುತ್ತದೆ. ಹೊಂಡಾ ಬದಲು ಸಂಬಳಕ್ಕಿಟ್ಟ ಮ್ಯಾನೇಜರ್ ಹೋಗಿದ್ದರೆ ಆ ಮಾತನ್ನು ವರದಿಯಲ್ಲಿ ಬರೆದು ಫೈಲಿಗೆ ಹಾಕುತ್ತಿದ್ದನೇನೋ.

ಎರಡನೆಯ ಮಹಾಯುದ್ಧ ಮುಗಿಯಿತು, ಉಂಗುರದ ಕಾರ್ಖಾನೆ ಟೊಯೋಟಾ ಪಾಲಾಯಿತು. 1946ರಲ್ಲಿ ಹೊಂಡಾ ಪುಟ್ಟ ಶೆಡ್ಡೊಂದಕ್ಕೆ 'ಹೊಂಡಾ ತಾಂತ್ರಿಕ ಸಂಶೋಧನಾ ಸಂಸ್ಥೆ' ಎಂಬ ಭಾರಿ ಬೋರ್ಡು ಹಾಕಿದರು. ಸೈನ್ಯದ ವೈರ್‌ಲೆಸ್ ಯಂತ್ರಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಪುಟಾಣಿ ಎಂಜಿನ್ನುಗಳು ಸುಮಾರು 500 ಅಗ್ಗಕ್ಕೆ ಸಿಕ್ಕಿದ್ದವು. ಅವನ್ನು ಸೈಕಲ್ಲಿಗೆ ಕೂರಿಸಿದರು. ಪೆಟ್ರೋಲ್ ಟ್ಯಾಂಕಿಗೆ ಏನು ಮಾಡುವುದು? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಡಬ್ಬಿಯೇ ಟ್ಯಾಂಕಾಯಿತು. ಮೊದಲು ಓಡಿಸಿ ನೋಡಿದವರಲ್ಲಿ ಹೆಂಡತಿ ಸಾಚಿ ಒಬ್ಬರು.

ಸರಕು ಬಿಕರಿಯಾಗುತ್ತಿತ್ತು, ಆದರೆ ದುಡ್ಡು ಕೈಗೆ ಬರುತ್ತಿರಲಿಲ್ಲ. ಬಾಕಿ ವಸೂಲಿ ಮಾಡುವ ಕಲೆ ಹೊಂಡಾಗೆ ಒಗ್ಗಲೇ ಇಲ್ಲ. ಪ್ರಯೋಗದ ಬೆಂಚಿನ ಮುಂದೆ ಕಳೆದ ಒಂದೊಂದು ಗಂಟೆಯೂ ಗಿರಾಕಿಯ ಅಂಗಡಿಯ ಮುಂದೆ ಕಳೆಯದ ಗಂಟೆಯೇ. ಸಣ್ಣ ಉದ್ದಿಮೆಯಲ್ಲಿ ಸ್ಥಾಪಕರ ಸಂಶೋಧನೆಗೆ ಇರುವ ನಿಜವಾದ ಖರ್ಚು ಇದು. ಸಾಮಗ್ರಿಯ ಬಿಲ್ಲು ಅದರ ಮುಂದೆ ಏನೂ ಅಲ್ಲ. ಎಷ್ಟೋ ಪ್ರತಿಭಾವಂತರ ಕಂಪನಿಗಳು ಒಳ್ಳೆಯ ಸರಕಿಟ್ಟುಕೊಂಡೇ ಮುಚ್ಚಿಹೋಗುವುದು ಹೀಗೆ.

1949ರ ಅಕ್ಟೋಬರಿನಲ್ಲಿ ತಕೆಓ ಫುಜಿಸಾವಾ ಬಂದು ಸೇರಿದರು. ಎಂಜಿನ್ ಬಗ್ಗೆ ಏನೂ ತಿಳಿಯದ, ವ್ಯಾಪಾರವನ್ನು ಅರೆದು ಕುಡಿದ ಮನುಷ್ಯ. ಹೊಂಡಾ ಅವರ ಕೈಗೆ ಕಂಪನಿಯ ಮೊಹರನ್ನೇ ಕೊಟ್ಟುಬಿಟ್ಟರು. ಆಗಿನ ಜಪಾನಿನಲ್ಲಿ ಸಹಿಗಿಂತ ಮೊಹರು ದೊಡ್ಡದಾಗಿತ್ತು, ಅದು ಬೀಳದೆ ಬ್ಯಾಂಕಿನಿಂದ ಒಂದು ಯೆನ್ ಕೂಡ ಅಲುಗುತ್ತಿರಲಿಲ್ಲ. ಆಮೇಲೆ ಹೊಂಡಾ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. 1952ರಲ್ಲಿ ಸೈಕಲ್ಲಿಗೆ ಜೋಡಿಸುವ ಹೊಸ ಎಂಜಿನ್ ತಯಾರಾದಾಗ ಫುಜಿಸಾವಾ ದೇಶದ ಸುಮಾರು 50 ಸಾವಿರ ಸೈಕಲ್ ಅಂಗಡಿಗಳಿಗೆ ಕಾಗದ ಬರೆದರು. ಸುಮಾರು 13 ಸಾವಿರ ಅಂಗಡಿಗಳು ಮಾರಲು ಒಪ್ಪಿದವು. ಒಂದು ಎಂಜಿನ್ನಿನ ಸುತ್ತ ಇಡೀ ದೇಶದ ಮಾರಾಟ ಜಾಲ ಅಂಚೆಯ ಮೂಲಕ ಹುಟ್ಟಿಕೊಂಡಿತು.

ಸೂಪರ್ ಕಬ್ ಹುಟ್ಟಿದ್ದೂ ಇಬ್ಬರ ಜಗ್ಗಾಟದಲ್ಲೇ. ಸೋಬಾ ಎಂಬ ಶಾವಿಗೆಯ ತಟ್ಟೆಗಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮನೆಮನೆಗೆ ಮುಟ್ಟಿಸುವ ಹುಡುಗ, ಇನ್ನೊಂದೇ ಕೈಯಲ್ಲಿ ಓಡಿಸುವಂಥ ಗಾಡಿ ಬೇಕು ಎಂದು ಫುಜಿಸಾವಾ ಹಟ ಹಿಡಿದರು. ಒಂದೇ ಕೈ ಎಂದ ಮೇಲೆ ಕ್ಲಚ್ ಹಿಡಿಯುವ ಬೆರಳಿಲ್ಲ. ಹೊಂಡಾ ಮತ್ತು ಅವರ ಎಂಜಿನಿಯರುಗಳು ಎಂಜಿನ್ನಿನ ವೇಗಕ್ಕೆ ತಾನೇ ಹಿಡಿಯುವ, ತಾನೇ ಬಿಡುವ ಕ್ಲಚ್ಚು ಮಾಡಿದರು. 1958ರಲ್ಲಿ ಹೊರಬಂದ ಆ ಗಾಡಿ 2017ರ ಹೊತ್ತಿಗೆ 10 ಕೋಟಿ ದಾಟಿತು. ಯಾಂತ್ರಿಕ ಸಮಸ್ಯೆಯನ್ನು ಬಿಡಿಸಿದ್ದು ಸ್ಥಾಪಕರು. ಯಾವ ಸಮಸ್ಯೆಯನ್ನು ಬಿಡಿಸಬೇಕು ಎಂದು ಹೇಳಿದ್ದು ಎಂಜಿನ್ ಗೊತ್ತಿಲ್ಲದ ಪಾಲುದಾರ.

ಇಷ್ಟರವರೆಗೆ ಎಲ್ಲ ಸುಖವಾಗಿತ್ತು. ಕಂಪನಿ ಕಾರು ತಯಾರಿಸಲು ಹೊರಟಾಗ ಹೊಂಡಾ ತಮ್ಮ ಹೊಲದ ಬೇಲಿ ದಾಟಿದರು. ಎಂಜಿನ್ನನ್ನು ತಣ್ಣಗಿಡಲು ಗಾಳಿಯೇ ಸಾಕು, ನೀರು ಬೇಡ ಎಂಬುದು ಅವರ ಪಟ್ಟು. ನೀರು ಹೀರಿದ ಬಿಸಿಯನ್ನೂ ಕಡೆಗೆ ರೇಡಿಯೇಟರಿನ ಗಾಳಿಯೇ ತಾನೆ ಒಯ್ಯುವುದು, ನಡುವೆ ನೀರೇಕೆ? ವಾದ ಕೇಳಲು ಚಂದ. ಮೋಟರ್‌ಸೈಕಲ್ಲಿನ ಮಟ್ಟಿಗೆ ನಿಜವೂ ಹೌದು. ಆದರೆ ಕಾರಿನ ದೊಡ್ಡ ಎಂಜಿನ್ನಿನಲ್ಲಿ ಗಾಳಿ ಎಲ್ಲ ಮೂಲೆಗೂ ಒಂದೇ ಸಮ ತಲುಪುವುದಿಲ್ಲ. ಒಂದು ಕಡೆ ಕಾದು ಇನ್ನೊಂದು ಕಡೆ ಆರಿದ ಸಿಲಿಂಡರಿನಲ್ಲಿ ದಹನವನ್ನು ಹದಕ್ಕೆ ತರುವುದು ಕಷ್ಟ. ಹೊಗೆಯಲ್ಲಿನ ವಿಷಾನಿಲ ತಗ್ಗಿಸಬೇಕಾದರೆ ಆ ಹದವೇ ಮುಖ್ಯ. ಅಮೆರಿಕದಲ್ಲಿ ಹೊಗೆಯ ಬಗ್ಗೆ ಕಟ್ಟುನಿಟ್ಟಿನ ಕಾನೂನು ಬರುವ ಸೂಚನೆ ಆಗಲೇ ಇತ್ತು.

ಕಿರಿಯ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಎಂಜಿನ್ನುಗಳ ದೇವರಂತಿದ್ದವರಿಗೆ ಎಂಜಿನ್ ಪಾಠ ಹೇಳುವವರು ಯಾರು? ಹೊಂಡಾ ಕೆಲಸದ ಮಧ್ಯೆ ನುಗ್ಗಿ ಡ್ರಾಯಿಂಗ್ ಬದಲಿಸುತ್ತಿದ್ದರು, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಹೀಗೇ ಆಗಬೇಕು ಎನ್ನುತ್ತಿದ್ದರು, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವುದೂ ಇತ್ತು. 1968ರ ಜುಲೈನಲ್ಲಿ ಗಾಳಿ ತಂಪಿನ ಎಂಜಿನ್ನಿನ ರೇಸ್ ಕಾರು ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ ದಿಕ್ಕು ತಪ್ಪಿ ಉರಿದು, ಚಾಲಕ ಜೋ ಶ್ಲೆಸರ್ ತೀರಿಕೊಂಡರು. ಮಳೆಯ ದಿನದ ಆ ಅಪಘಾತಕ್ಕೆ ತಂಪು ವ್ಯವಸ್ಥೆಯೊಂದೇ ಕಾರಣ ಎನ್ನಲಾಗದು. ಹೊಂಡಾ ಮಾತ್ರ ತಮ್ಮ ಪಟ್ಟು ಬಿಡಲಿಲ್ಲ. 1969ರಲ್ಲಿ ಬಂದ ಎಚ್1300 ಎಂಬ ಗಾಳಿ ತಂಪಿನ ಕಾರು ತೂಕದ್ದು, ಜಟಿಲ, ದುಬಾರಿ.

ಕೊನೆಗೆ ಎಂಜಿನಿಯರುಗಳು ಫುಜಿಸಾವಾ ಬಳಿ ಹೋದರು. ಅವರು ಹೊಂಡಾ ಜೊತೆ ನೀರೋ ಗಾಳಿಯೋ ಎಂದು ವಾದಕ್ಕಿಳಿಯಲಿಲ್ಲ, ಆ ವಾದ ಮಾಡುವ ತಿಳಿವಳಿಕೆ ಅವರಿಗೆ ಇರಲೂ ಇಲ್ಲ. ಕೇಳಿದ್ದು ಬೇರೆಯೇ ಪ್ರಶ್ನೆ: ನೀವು ಕಂಪನಿಯ ಅಧ್ಯಕ್ಷರಾಗಿ ಉಳಿಯುತ್ತೀರೋ, ಎಂಜಿನಿಯರ್ ಆಗಿಯೋ? ಹೊಂಡಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಧ್ಯಕ್ಷನಾಗಿಯೇ ಇರಬೇಕೇನೋ ಎಂದರು. ಹಾಗಾದರೆ ಹುಡುಗರು ನೀರಿನ ಎಂಜಿನ್ ಮಾಡಬಹುದು ತಾನೆ? ಮಾಡಲಿ.

1972ರಲ್ಲಿ ಸಿವಿಕ್ ಬಂತು, ನೀರಿನ ತಂಪಿನದು. ಅದೇ ವರ್ಷ ಸಿವಿಸಿಸಿ ಎಂಬ ಎಂಜಿನ್ ಘೋಷಣೆಯಾಯಿತು. ಒಲೆಯಲ್ಲಿ ದಪ್ಪ ಸೌದೆಗೆ ನೇರವಾಗಿ ಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಮೊದಲು ಒಣಗರಿಗೆ ಹಚ್ಚಿ ಆ ಉರಿ ಸೌದೆಗೆ ತಾಗಿಸಬೇಕಲ್ಲ, ಉಪಾಯ ಅಂಥದ್ದೇ. ಪುಟ್ಟ ಕೋಣೆಯೊಂದರಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ಕಿಡಿ ಹತ್ತಿಸಿ, ಆ ಜ್ವಾಲೆಯಿಂದ ಮುಖ್ಯ ಸಿಲಿಂಡರಿನ ತೆಳು ಮಿಶ್ರಣವನ್ನು ಪೂರ್ತಿ ಉರಿಸುವುದು. ಅಮೆರಿಕದ 1975ರ ಹೊಗೆ ಮಾನದಂಡವನ್ನು ಎಲ್ಲರಿಗಿಂತ ಮೊದಲು ದಾಟಿದ್ದು ಈ ಎಂಜಿನ್. ದೊಡ್ಡ ಕಂಪನಿಗಳ ಸರಿಸಮ ನಿಲ್ಲುವ ಅವಕಾಶ ಇದು ಎಂದು ಹೊಂಡಾ ಹುರುಪಿನಿಂದ ಹೇಳಿದಾಗ ಕಿರಿಯರು, ನಾವು ಮಾಡುತ್ತಿರುವುದು ಕಂಪನಿಗಾಗಿ ಅಲ್ಲ, ಜನ ಉಸಿರಾಡುವ ಗಾಳಿಗಾಗಿ ಎಂದು ಎದುರಾಡಿದರಂತೆ. 1973ರಲ್ಲಿ ಹೊಂಡಾ, ಫುಜಿಸಾವಾ ಒಟ್ಟಿಗೇ ನಿವೃತ್ತರಾದರು. ಆಮೇಲೆ ಹೊಂಡಾ ದೇಶದ ಉದ್ದಕ್ಕೂ ಇದ್ದ ಕಾರ್ಖಾನೆ, ಅಂಗಡಿಗಳಿಗೆಲ್ಲ ಹೋಗಿ ಕೆಲಸಗಾರರ ಕೈ ಕುಲುಕಿ ಬಂದರು. ಕೈಗೆ ಎಣ್ಣೆ ಮೆತ್ತಿದೆ ಎಂದು ಹಿಂಜರಿದ ಹುಡುಗನ ಕೈಯನ್ನೂ ಬಿಡದೆ ಹಿಡಿದುಕೊಂಡರಂತೆ, ಆ ಎಣ್ಣೆಯ ವಾಸನೆ ಅವರಿಗೆ ಅಷ್ಟು ಇಷ್ಟ.

ಫುಜಿಸಾವಾ ಇಲ್ಲದ ಹೊಂಡಾ ಹೇಗಿರುತ್ತಿದ್ದರು ಎಂಬ ಊಹೆಗೆ ಅಮೆರಿಕದ ಎಡ್ವಿನ್ ಲ್ಯಾಂಡ್ ಹತ್ತಿರ ಬರುತ್ತಾರೆ. ಪೋಲರಾಯ್ಡ್ ಕಂಪನಿ ಕಟ್ಟಿದ, 500ಕ್ಕೂ ಹೆಚ್ಚು ಪೇಟೆಂಟುಗಳ ಒಡೆಯ. ಫೋಟೋ ತೆಗೆದ ನಿಮಿಷದಲ್ಲೇ ಕೈಗೆ ಸಿಗುವ ಕ್ಯಾಮೆರಾವನ್ನು 1948ರಲ್ಲಿ ಅಂಗಡಿಗೆ ತಂದವರು. ಅದೇ ಛಲದಲ್ಲಿ 1977ರಲ್ಲಿ ಅವರು ತಂದ ದಿಢೀರ್ ಸಿನಿಮಾ ವ್ಯವಸ್ಥೆ ಪೋಲವಿಷನ್, ರಸಾಯನಶಾಸ್ತ್ರದ ದೃಷ್ಟಿಯಿಂದ ಅದ್ಭುತ. ಆದರೆ ಮೂರು ನಿಮಿಷವೂ ಓಡದ ಫಿಲ್ಮು, ಅದರಲ್ಲಿ ಶಬ್ದವಿಲ್ಲ, ಅಳಿಸಿ ಮತ್ತೆ ಬಳಸುವಂತಿಲ್ಲ. ಅಷ್ಟರಲ್ಲಿ ವಿಡಿಯೊ ಟೇಪು ಮಾರುಕಟ್ಟೆಗೆ ಬಂದಾಗಿತ್ತು. ಕಂಪನಿ ಸುಮಾರು 6.8 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 1980ರಲ್ಲಿ ಲ್ಯಾಂಡ್ ಮುಖ್ಯಸ್ಥನ ಕುರ್ಚಿ ಬಿಟ್ಟರು. ರಸಾಯನ ಅವರ ಹೊಲ, ಕಾಂತೀಯ ಟೇಪು ಪಕ್ಕದೂರಿನದು.

ಹೀಗಾಗಿಯೇ ಏನೋ, ಸ್ಥಾಪಕರನ್ನು ಬೇಗ ಸಾಗಹಾಕುವುದೇ ಜಾಣತನವೆಂದು ಹೂಡಿಕೆದಾರರು ನಂಬಿದಂತಿದೆ. ನೋಮ್ ವಾಸರ್ಮನ್ ಅಮೆರಿಕದ 212 ಸ್ಟಾರ್ಟಪ್‌ಗಳನ್ನು ಗಮನಿಸಿದಾಗ, ಮೂರು ವರ್ಷ ತುಂಬುವಷ್ಟರಲ್ಲಿ ಅರ್ಧದಷ್ಟು ಸ್ಥಾಪಕರು ಮುಖ್ಯಸ್ಥರಾಗಿ ಉಳಿದಿರಲಿಲ್ಲ. ವಿಪರ್ಯಾಸವೆಂದರೆ, ಮೊದಲ ಸರಕಿನ ಅಭಿವೃದ್ಧಿ ಮುಗಿದದ್ದೇ ಎಷ್ಟೋ ಕಡೆ ಅವರ ನಿರ್ಗಮನಕ್ಕೆ ನೆಪವಾಗಿತ್ತು. ಸಂಶೋಧನೆ ಗೆಲ್ಲಿಸಿದ್ದಕ್ಕೆ ಸಿಕ್ಕ ಬಹುಮಾನ! ಇನ್ನೊಂದು ಕಡೆ ರೂಡಿಗರ್ ಫಾಲೆನ್‌ಬ್ರಾಕ್ 1993ರಿಂದ 2002ರವರೆಗಿನ ಅಮೆರಿಕದ ದೊಡ್ಡ ಕಂಪನಿಗಳ ಲೆಕ್ಕ ತೆಗೆದಾಗ, ಸ್ಥಾಪಕರೇ ನಡೆಸುತ್ತಿದ್ದ ಕಂಪನಿಗಳು ಸಂಶೋಧನೆಗೆ ಹೆಚ್ಚು ಸುರಿಯುತ್ತಿದ್ದವು, ಅವುಗಳ ಷೇರುಗಳು ವರ್ಷಕ್ಕೆ ಮಾನದಂಡಕ್ಕಿಂತ ಶೇ. 8.3ರಷ್ಟು ಹೆಚ್ಚು ಗಳಿಸಿಕೊಟ್ಟಿದ್ದವು. ಇವು ಎರಡೂ ನಿಜ. ಎರಡನೆಯ ಗುಂಪಿನಲ್ಲಿರುವುದು ಬೆಳೆಯುವ ದಾರಿಯ ಜರಡಿಗಳನ್ನೆಲ್ಲ ದಾಟಿ ಉಳಿದವರು ಎಂಬುದನ್ನು ಮರೆಯದಿದ್ದರಾಯಿತು.

ಬೆಂಗಳೂರಿನಲ್ಲಿ, ಯಾವ ಸಮಸ್ಯೆ ಬಿಡಿಸಬೇಕು ಎಂದು ಹೇಳುವ ಫುಜಿಸಾವಾ ಪಾತ್ರವನ್ನು ತಂದೆಯೊಬ್ಬರು ವಹಿಸಿದ ಉದಾಹರಣೆಯಿದೆ. ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾಗೆ ತಮ್ಮ ಲೆಕ್ಕ ಇಡಲು ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ ಮಗ ಭರತ್‌ಗೆ ನೀನೇ ಬರಿ ಎಂದರು. 1986ರಲ್ಲಿ ಇಬ್ಬರೂ ಸೇರಿ ಕಂಪನಿ ತೆರೆದರು. ಆಗಿನ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ಪ್ರತಿಯೊಂದು ಖಾತೆಗೂ ಒಂದು ಸಂಖ್ಯೆ. ಪ್ರೋಗ್ರಾಮ್ ಬರೆಯುವವನಿಗೆ ಅದು ಸಲೀಸು, ಅಂಗಡಿಯವನಿಗೆ ಶಿಕ್ಷೆ. ಭರತ್ ಬರೆದ ಟ್ಯಾಲಿಯಲ್ಲಿ ಆ ಸಂಖ್ಯೆಗಳೇ ಇರಲಿಲ್ಲ, ಖಾತೆಯ ಹೆಸರು ಹೊಡೆದರೆ ಸಾಕಿತ್ತು. ಇವತ್ತಿಗೂ ಚಿಕ್ಕಪೇಟೆಯ ಗಲ್ಲಾದ ಹಿಂದೆ ಕೂತವರು 'ಟ್ಯಾಲಿ ಬರುತ್ತಾ?' ಎಂದು ಕೇಳಿಯೇ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ.

ಬಯೋಕಾನ್ ತನ್ನ ಸಂಶೋಧನಾ ತಂಡ ಕಟ್ಟಲು ತೊಡಗಿದ್ದು 1984ರಲ್ಲಿ. ಸೊನೆ ಮತ್ತು ಮೀನಿನ ಚೀಲ ಬಿಟ್ಟು ಹೊಸ ಕಿಣ್ವಗಳಿಗೆ ಕೈಹಾಕುವುದು ಉದ್ದೇಶ. ಇಡ್ಲಿ ಹಿಟ್ಟು ಹುದುಗುವುದು ನೀರಿನೊಳಗೆ, ಹಳೆಯ ಬ್ರೆಡ್ಡಿಗೆ ಬೂಷ್ಟು ಹಿಡಿಯುವುದು ಒದ್ದೆ ಘನವಸ್ತುವಿನ ಮೇಲೆ. ಬಯೋಕಾನ್ ಈ ಎರಡನೆಯ ದಾರಿ ಹಿಡಿಯಿತು, ಜಪಾನಿನವರು ತಲೆಮಾರುಗಳಿಂದ ಮಾಡಿಕೊಂಡು ಬಂದಂತೆ ತಟ್ಟೆಗಳಲ್ಲಿ ಬೂಷ್ಟು ಬೆಳೆಸಿ ಕಿಣ್ವ ತೆಗೆಯುವುದು. ಪರೀಕ್ಷೆಯ ಮಟ್ಟದಲ್ಲಿ ಗೆದ್ದದ್ದನ್ನು ಕಾರ್ಖಾನೆಗೆ ಏರಿಸಲು ದುಡ್ಡು ಬೇಕಿತ್ತು. ಐಸಿಐಸಿಐನ ನಾರಾಯಣನ್ ವಾಘುಲ್ 1987ರಲ್ಲಿ ಎರಡೂವರೆ ಲಕ್ಷ ಡಾಲರ್ ಸಾಹಸ ಬಂಡವಾಳಕ್ಕೆ ದಾರಿ ಮಾಡಿಕೊಟ್ಟರು. ಅಷ್ಟರಲ್ಲಿ ಲ್ಯಾಬಿನಲ್ಲಿ ಮಾಲಕಿಗಿಂತ ಹೆಚ್ಚು ಬಲ್ಲ ವಿಜ್ಞಾನಿಗಳು ಸೇರತೊಡಗಿದ್ದರು.

ಮುಂದೆ ಕಂಪನಿ ಔಷಧದ ಕಡೆ ತಿರುಗಿದಾಗ ಅದು ಪಕ್ಕದೂರಿನ ಮಣ್ಣಿನಂತೆ ಕಂಡರೂ ಬೇರು ಮಾತ್ರ ಹಳೆಯದೇ. ಕೊಲೆಸ್ಟರಾಲ್ ಇಳಿಸುವ ಲೊವಾಸ್ಟಾಟಿನ್ ಬರುವುದು ಬೂಷ್ಟಿನಿಂದ, ಅದರ ತಯಾರಿಕೆಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. 2004ರಲ್ಲಿ ಮಾರುಕಟ್ಟೆಗೆ ಬಂದ ಕಂಪನಿಯ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಬ್ರೂಮಾಸ್ಟರಿಗೆ ಯೀಸ್ಟಿನ ಹಸಿವು, ಮುನಿಸು, ಮೈಚಳಿ ಎಲ್ಲ ಗೊತ್ತಿರುವಂಥದ್ದು. 2007ರಲ್ಲಿ ಬಯೋಕಾನ್ ತನ್ನ ಕಿಣ್ವ ವ್ಯಾಪಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ 11.5 ಕೋಟಿ ಡಾಲರಿಗೆ ಮಾರಿತು. ಗ್ಯಾರೇಜಿನಲ್ಲಿ ಪರಂಗಿ ಸೊನೆಯಿಂದ ಶುರುವಾಗಿದ್ದ ಕಸುಬನ್ನು 29 ವರ್ಷಗಳ ನಂತರ ಬೇರೆಯವರಿಗೆ ಒಪ್ಪಿಸಿದ್ದು ಅದನ್ನು ಶುರು ಮಾಡಿದ ಬ್ರೂಮಾಸ್ಟರೇ.